ಚಿಕ್ಕಮಗಳೂರಿನ ಮಲೆಗಳಲ್ಲಿ ಟೆಂಟ್ ಹಾಕುವವರಿಗೆ: ಎಲ್ಲಿ, ಯಾವಾಗ, ಹೇಗೆ

ಚಿಕ್ಕಮಗಳೂರಿನ ಗಿರಿಗಳಲ್ಲಿ ಒಂದು ರಾತ್ರಿ ಟೆಂಟ್ ಹಾಕಿ ಕಳೆಯಬೇಕೆಂದು ಹೊರಡುವ ಹೆಚ್ಚಿನವರ ಮನಸ್ಸಿನಲ್ಲಿರುವುದು ಮುಳ್ಳಯ್ಯನಗಿರಿಯ ನೆತ್ತಿ. ಸುಮಾರು 1,930 ಮೀಟರ್ ಎತ್ತರದ, ರಾಜ್ಯದಲ್ಲೇ ಅತಿ ಎತ್ತರವಾದ ಆ ಶಿಖರದ ಮೇಲೆ ಮಲಗಿ, ಬೆಳಗ್ಗೆ ಟೆಂಟಿನ ಬಾಗಿಲು ಸರಿಸಿದೊಡನೆ ಕಾಲಬುಡದಲ್ಲಿ ಮೋಡ ಕಾಣಬೇಕೆಂಬ ಆಸೆ ಸಹಜವೇ ಆದರೂ, ಅದನ್ನು ಮೊದಲೇ ಕೈಬಿಡುವುದು ಲೇಸು. ಚಂದ್ರದ್ರೋಣ ಸಾಲಿನಲ್ಲಿ, ಅಂದರೆ ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳಲ್ಲಿ, ರಾತ್ರಿ ತಂಗಲು ಅವಕಾಶವಿಲ್ಲ. ಕೈಮರದ ಚೆಕ್‌ಪೋಸ್ಟ್‌ನಿಂದ ಮೇಲಕ್ಕೆ ಹಗಲು ಹೊತ್ತಿನಲ್ಲಷ್ಟೇ ವಾಹನ ಬಿಡುತ್ತಾರೆ, ಮತ್ತು 2025ರಿಂದ ಪ್ರವಾಸಿ ವಾಹನಗಳು ಮುಂಗಡವಾಗಿ ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಂಡೇ ಹೋಗಬೇಕಾಗಿದೆ.

ಇದು ಒಂದು ಗಿರಿಯ ಮಾತಲ್ಲ. ಜಿಲ್ಲೆಯ ಮಲೆಕಾಡಿನ ಬಹುಭಾಗ ಮೂರು ಬಗೆಯ ರಕ್ಷಣೆಯಡಿಯಲ್ಲಿದೆ: 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿಲೋಮೀಟರ್ ವಿಸ್ತೀರ್ಣದ ಕುದುರೆಮುಖ ರಾಷ್ಟ್ರೀಯ ಉದ್ಯಾನ, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯ, ಇವೆರಡರ ಸುತ್ತಮುತ್ತ ಹರಡಿರುವ ಮೀಸಲು ಅರಣ್ಯಗಳು. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವಾದರೆ, ಮೀಸಲು ಅರಣ್ಯದಲ್ಲಿ ಅಕ್ರಮ ಪ್ರವೇಶ ಮತ್ತು ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ಆದ್ದರಿಂದ ಬೆನ್ನಿಗೆ ಟೆಂಟ್ ಹೊತ್ತು ಹೋಗಿ, ಇಷ್ಟವಾದ ಬಯಲಿನಲ್ಲಿ ಗೂಟ ಹೊಡೆಯುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಹಾಗಾದರೆ ಉಳಿಯುವ ದಾರಿಗಳು ಯಾವುವು, ಯಾರಿಗೆ ಯಾವುದು ಹೊಂದುತ್ತದೆ, ಅಲ್ಲಿ ರಾತ್ರಿಯನ್ನು ಹೇಗೆ ಸುರಕ್ಷಿತವಾಗಿ ಕಳೆಯಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಕಾಡಿನೊಳಗೇ ಮಲಗಬೇಕೆನ್ನುವವರಿಗೆ

ಕಾಡಿನ ಒಳಗೆ ಕಾನೂನುಬದ್ಧವಾಗಿ ರಾತ್ರಿ ಕಳೆಯಲು ಇರುವುದು ಸರ್ಕಾರದ ಶಿಬಿರಗಳು ಮಾತ್ರ. ಕುದುರೆಮುಖ ಉದ್ಯಾನದೊಳಗೆ ಭಗವತಿ ಪ್ರಕೃತಿ ಶಿಬಿರವಿದೆ. ಇಲ್ಲಿ ನಿಜವಾದ ಟೆಂಟ್‌ಗಳೇ ಇವೆ, ಸುತ್ತಲೂ ಶೋಲಾ, ಅಂದರೆ ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ನಿತ್ಯಹಸಿರು ಕಾಡಿದೆ. ಟೆಂಟಿನ ಅನುಭವವೂ ಬೇಕು, ಕಾಡೂ ಬೇಕು, ಕಾನೂನಿನ ತಂಟೆ ಬೇಡ ಎನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದು. ಭದ್ರಾ ಅಭಯಾರಣ್ಯದ ಎರಡು ಬದಿಗಳಲ್ಲಿ ಎರಡು ಬಗೆಯ ವ್ಯವಸ್ಥೆಯಿದೆ. ಚಿಕ್ಕಮಗಳೂರು ಕಡೆಯಿಂದ ಹೋದರೆ ಸೋಮವಾಹಿನಿ ಹೊಳೆಯ ದಡದ ಮುತ್ತೋಡಿಯಲ್ಲಿ ಅರಣ್ಯ ಇಲಾಖೆಯ ಕುಟೀರಗಳಿವೆ. ತರೀಕೆರೆ ಕಡೆಯಿಂದ ಹೋದರೆ ಲಕ್ಕವಳ್ಳಿಯಲ್ಲಿ, ಭದ್ರಾ ಹಿನ್ನೀರಿನ ಅಂಚಿನಲ್ಲಿ, ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ಲಾಡ್ಜ್ ಇದೆ. ಹಿನ್ನೀರು ಇಳಿದು ನಡುಗಡ್ಡೆಗಳು ಮೇಲೇಳುವ ಬೇಸಿಗೆಯ ತಿಂಗಳುಗಳಲ್ಲಿ ಆ ನಡುಗಡ್ಡೆಗಳ ಮೇಲೆ ಮೊಟ್ಟೆಯಿಡಲು ಬರುವ ಟರ್ನ್ ಹಕ್ಕಿಗಳಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಇವೆರಡೂ ಟೆಂಟ್ ಅಲ್ಲ, ನಿಜ. ಆದರೆ ಸಫಾರಿಯೂ ಸೇರಿ ಕಾಡು ನೋಡಲು ಸಿಗುವ ಅವಕಾಶ ಬೇರೆಡೆಗಿಂತ ಹೆಚ್ಚು. ಸಾಲುರಜೆ ಬಂತೆಂದರೆ ಜಾಗ ಸಿಗುವುದು ಕಷ್ಟವಾದ್ದರಿಂದ ವಾರದ ನಡುವಿನ ದಿನಗಳನ್ನು ನೋಡಿ, ತಿಂಗಳ ಮುಂಚೆಯೇ ಕಾಯ್ದಿರಿಸಬೇಕು.

ಮುತ್ತೋಡಿಯ ಮಾತು ಬಂದಾಗ ಒಂದು ಸಂಗತಿ ನೆನಪಾಗುತ್ತದೆ. ಭದ್ರಾ ಕಾಡಿನೊಳಗಿದ್ದ ಹಳ್ಳಿಗಳ ಜನ 2002ರ ಹೊತ್ತಿಗೆ ಗದ್ದೆ ಮನೆಗಳನ್ನು ಬಿಟ್ಟು ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಗೊಂಡರು. ತಲೆಮಾರುಗಳಿಂದ ಅಲ್ಲೇ ಇದ್ದವರು ಎದ್ದುಹೋದ ನೆಲದಲ್ಲಿ, ವಾರಾಂತ್ಯಕ್ಕೆ ಬಂದವರು ಕದ್ದು ಟೆಂಟ್ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಕೆಮ್ಮಣ್ಣುಗುಂಡಿಯಲ್ಲಿ, ಸುಮಾರು 1,430 ಮೀಟರ್ ಎತ್ತರದಲ್ಲಿ, ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳಿವೆ. ಚಿಕ್ಕ ಮಕ್ಕಳನ್ನೂ ವಯಸ್ಸಾದವರನ್ನೂ ಕರೆತರುವವರು ಟೆಂಟಿನ ಹಟ ಬಿಟ್ಟು ಅಲ್ಲಿ ಉಳಿದು, ಬೆಳಗ್ಗೆ ಝಡ್ ಪಾಯಿಂಟ್ ಎಂಬ ವೀಕ್ಷಣಾ ಸ್ಥಳದವರೆಗೆ ನಡೆದು ಬರುವುದು ಸಾಕು.

ತೋಟದ ಅಂಚಿನ ಟೆಂಟ್

ಹೆಚ್ಚಿನವರಿಗೆ ಸಿಗುವ ದಾರಿ ಕಾಫಿ ತೋಟದ್ದು. ಆಲ್ದೂರು, ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಗಳಲ್ಲಿ, ಹಾಗೆಯೇ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ, ಹೋಂಸ್ಟೇ ನಡೆಸುವ ಅನೇಕ ಎಸ್ಟೇಟ್‌ಗಳು ತಮ್ಮ ಸ್ವಂತ ಜಮೀನಿನಲ್ಲಿ ಟೆಂಟ್‌ಗೆ ಜಾಗ ಕೊಡುತ್ತವೆ. ಕಾಯ್ದಿರಿಸುವಾಗ ಮೂರು ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಬೇಕು. ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ? ಟೆಂಟ್ ಹಾಕುವ ಜಾಗ ಪಟ್ಟಾ ಜಮೀನೋ, ಅರಣ್ಯಕ್ಕೆ ಸೇರಿದ ಗುಡ್ಡವೋ? ಕಳೆದ ಒಂದು ವಾರದಲ್ಲಿ ಅಲ್ಲಿ ಆನೆ ಓಡಾಡಿದೆಯೇ? ಎರಡನೆಯ ಪ್ರಶ್ನೆಗೆ ತಡವರಿಸಿದ ಉತ್ತರ ಬಂದರೆ ಆ ಜಾಗ ಬಿಡಿ, ಏಕೆಂದರೆ ‘ನಮ್ಮ ತೋಟದ ಮೇಲಿನ ವ್ಯೂ ಪಾಯಿಂಟ್’ ಎಂದು ತೋರಿಸುವ ಹುಲ್ಲುಗುಡ್ಡ ಎಷ್ಟೋ ಸಲ ಮೀಸಲು ಅರಣ್ಯವೇ ಆಗಿರುತ್ತದೆ.

ತೋಟದಲ್ಲಿ ಸಮತಟ್ಟಾದ ಒಳ್ಳೆಯ ನೆಲವೆಂದರೆ ಕಾಫಿ ಒಣಗಿಸುವ ಕಣ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣದ ತುಂಬ ಕಾಫಿ ಹರಡಿರುತ್ತದೆ. ಆಗ ಕಣ ಕೇಳುವುದು ಬೆಳೆಗಾರರಿಗೆ ಮುಜುಗರ ತರುವ ಕೆಲಸ. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಕಣ ಖಾಲಿಯಿರುತ್ತದೆ, ಮಳೆಯೂ ಹಿಂದೆ ಸರಿದಿರುತ್ತದೆ. ಕಣ ಸಿಗದಿದ್ದರೆ ಮನೆಯ ಅಂಗಳವೋ ಕಾರ್ಮಿಕರ ಲೈನ್ ಮನೆಗಳ ಹತ್ತಿರದ ಬಯಲೋ ಆಗಬಹುದು. ತೋಟದ ನಡುವೆ, ಸಿಲ್ವರ್ ಓಕ್ ಅಥವಾ ಇತರ ನೆರಳಿನ ಮರದ ಕೆಳಗೆ ಮಾತ್ರ ಹಾಕಬೇಡಿ. ಮಲೆನಾಡಿನ ಗಾಳಿಗೆ ಒಣಕೊಂಬೆ ಮುರಿದು ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ಹಲಸಿನ ಮರದ ಕೆಳಗಂತೂ ಕೂಡದೇ ಕೂಡದು.

ಹಲಸಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಡಾನೆಗಳು ಈಗ ಕಾಡಿಗೆ ಅಪರೂಪಕ್ಕೆ ಹೋಗಿ, ತೋಟಗಳಲ್ಲೇ ಬೀಡುಬಿಟ್ಟಿವೆ. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ಎಂಬ ಸಾಕಾನೆ ಕಾಡಾನೆಯೊಂದರ ತಿವಿತಕ್ಕೆ ಸತ್ತದ್ದು 2023ರ ಡಿಸೆಂಬರ್ 4ರಂದು, ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ. ಪಳಗಿದ, ಬಲಿಷ್ಠ ಆನೆಗೇ ಹೀಗಾದ ಕಡೆ ನೈಲಾನ್ ಬಟ್ಟೆಯ ಟೆಂಟ್ ಯಾವ ಲೆಕ್ಕ? ಬೇಸಿಗೆಯ ಕೊನೆಯಿಂದ ಮಳೆಗಾಲದ ಆರಂಭದವರೆಗೆ ಹಣ್ಣಾದ ಹಲಸು, ಸುಗ್ಗಿಯಲ್ಲಿ ಕದಿರು ಬಿಟ್ಟ ಭತ್ತ, ವರ್ಷವಿಡೀ ಬಗನೆ ಎಂಬ ತಾಳೆ ಜಾತಿಯ ಮರ ಆನೆಗಳನ್ನು ಸೆಳೆಯುತ್ತವೆ. ಟೆಂಟಿನೊಳಗೆ ಹಣ್ಣು, ಬೆಲ್ಲ, ಉಪ್ಪು, ಅಕ್ಕಿ, ಮದ್ಯ ಯಾವುದನ್ನೂ ಇಡದೆ ಮನೆಯೊಳಗೆ ಕೊಟ್ಟುಬಿಡಿ. ಅರಣ್ಯ ಇಲಾಖೆ ಆನೆಗಳ ಚಲನವಲನದ ಸೂಚನೆಯನ್ನು ಊರವರ ಮೊಬೈಲ್‌ಗೆ ಕಳುಹಿಸುತ್ತದೆ. ಅದನ್ನು ನಿಮಗೂ ತಿಳಿಸಲು ಮನೆಯವರಿಗೆ ಹೇಳಿಡಿ. ಆನೆ ಹತ್ತಿರದಲ್ಲಿದೆ ಎಂದು ತಿಳಿದ ರಾತ್ರಿ ಟೆಂಟ್ ಬಿಟ್ಟು ಮನೆಯೊಳಗೆ ಮಲಗಬೇಕು; ಕೊಟ್ಟ ಹಣದ ಯೋಚನೆ ಆಗ ಬೇಡ.

ಬೆಟ್ಟದ ಬುಡದಲ್ಲಿ ತಂಗಿ ಹಗಲಲ್ಲಿ ಏರುವುದು

ನಡೆಯುವ ಆಸೆ ಇರುವವರಿಗೆ ನನ್ನ ಸಲಹೆ ಇದೇ. ಕುದುರೆಮುಖ ಶಿಖರ 1,894 ಮೀಟರ್ ಎತ್ತರವಿದ್ದು, ಕಳಸ–ಸಂಸೆ ಕಡೆಯ ಬಾಳೆಗಲ್ಲಿಗೆ ಬಂದು, ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿ ತಲುಪಿ ನಡಿಗೆ ಆರಂಭಿಸಬೇಕು. ಹೋಗಿಬರಲು ಸುಮಾರು 20 ಕಿಲೋಮೀಟರ್ ಆಗುವುದರಿಂದ ಬೆಳಗಿನ ಮೊದಲ ಹೊತ್ತಿಗೇ ಹೊರಡಬೇಕು, ಅದಕ್ಕಾಗಿ ಹಿಂದಿನ ರಾತ್ರಿ ಮುಳ್ಳೋಡಿ ಅಥವಾ ಸಂಸೆಯ ಹೋಂಸ್ಟೇ ಅಂಗಳದಲ್ಲಿ ಉಳಿಯಬೇಕು. ಶಿಖರದಲ್ಲಿ ರಾತ್ರಿ ಉಳಿಯಲು ಅನುಮತಿ ಇಲ್ಲ. ನೇತ್ರಾವತಿ, ಕುರಿಂಜಾಲು, ಗಂಗಡಿಕಲ್ಲು ಚಾರಣಗಳಿಗೂ ಇದೇ ಕ್ರಮ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ಸೇರಿದ ಬಳಿಕ ಅರಣ್ಯ ಇಲಾಖೆ ಚಾರಣದ ಟಿಕೆಟ್‌ಗಳನ್ನು ಆನ್‌ಲೈನ್ ವ್ಯವಸ್ಥೆಗೆ ತಂದಿತು. ಈಗ ‘ಅರಣ್ಯ ವಿಹಾರ’ ತಾಣದಲ್ಲಿ ಮಾರ್ಗ ಮತ್ತು ದಿನಾಂಕ ಆರಿಸಿ, ಪ್ರತಿಯೊಬ್ಬರ ಗುರುತಿನ ಚೀಟಿಯ ವಿವರ ತುಂಬಿ ಟಿಕೆಟ್ ಪಡೆಯಬೇಕು; ಒಂದು ಮಾರ್ಗಕ್ಕೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಮೊದಲು ಟಿಕೆಟ್, ಆಮೇಲೆ ಹೋಂಸ್ಟೇ, ಕೊನೆಗೆ ಬಸ್ಸು ಎಂಬ ಕ್ರಮದಲ್ಲಿ ಕಾಯ್ದಿರಿಸಿದರೆ ಪರದಾಟವಿಲ್ಲ. ಇದನ್ನು ತಿರುಗುಮುರುಗು ಮಾಡಿ, ಹೋಂಸ್ಟೇಗೆ ಮುಂಗಡ ಕೊಟ್ಟ ಮೇಲೆ ಟಿಕೆಟ್ ಸಿಗದೆ ಕಳಸದ ಪೇಟೆಯಲ್ಲಿ ನಿಂತವರನ್ನು ಕಂಡಿದ್ದೇನೆ. ಉದ್ಯಾನದ ಮೂಲಕ ಹಾಯುವ ರಸ್ತೆಯಲ್ಲಿ ತನಿಕೋಡಿನಂಥ ಚೆಕ್‌ಪೋಸ್ಟ್‌ಗಳಲ್ಲಿ ವಾಹನ ತಪಾಸಣೆಯಿರುತ್ತದೆ; ದಾರಿಯಲ್ಲಿ ನಿಲ್ಲಿಸಿ ಅಡುಗೆ ಮಾಡುವಂತಿಲ್ಲ.

ಸಕಲೇಶಪುರದ ಕಡೆ ಹೋಗುವವರು ಹಳಿಯ ಮೇಲಿನ ನಡಿಗೆಯನ್ನೂ, ಎಡಕುಮೇರಿ ನಿಲ್ದಾಣದಲ್ಲಿ ಮಲಗುವುದನ್ನೂ ವಿಚಾರಿಸುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದಲ್ಲಿ 57 ಸುರಂಗಗಳಿವೆ, ರೈಲುಗಳು ಓಡುತ್ತಿವೆ, ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯಂತೆ ಶಿಕ್ಷಾರ್ಹ. ಅದನ್ನು ಬಿಟ್ಟು ಬಿಸಿಲೆಯ ವೀಕ್ಷಣಾ ಸ್ಥಳದಿಂದ ಕುಮಾರ ಪರ್ವತದ ಸಾಲು ನೋಡಿ, ಸಂಜೆಗೆ ತೋಟಕ್ಕೆ ಮರಳಿದರೆ ಆಯಿತು.

ಕಾಲ, ಚಳಿ, ರಕ್ತ ಹೀರುವ ಜೀವಿಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆಂಟ್ ಬೇಡ. ಮಳೆಯ ಜೊತೆಗೆ ಗಾಳಿ, ಗುಡ್ಡ ಕುಸಿತ, ಬಿದ್ದ ಮರಗಳಿಂದ ಮುಚ್ಚಿದ ರಸ್ತೆ ಎಲ್ಲವೂ ಇರುತ್ತವೆ. ಫೆಬ್ರವರಿಯಿಂದ ಮೇವರೆಗೆ ಹುಲ್ಲುಗಾವಲು ಒಣಗಿ ಕಾಳ್ಗಿಚ್ಚಿನ ಭಯವಿರುವುದರಿಂದ ಚಾರಣ ಮಾರ್ಗಗಳನ್ನು ಮುಚ್ಚುವುದುಂಟು. ಉಳಿದ ತಿಂಗಳುಗಳಲ್ಲಿ ಚಳಿಯ ಲೆಕ್ಕ ಹೀಗೆ: ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. ನಿಮ್ಮ ಟೆಂಟಿನ ಜಾಗ ಚಿಕ್ಕಮಗಳೂರು ಪೇಟೆಗಿಂತ 300 ಮೀಟರ್ ಮೇಲಿದ್ದರೆ ಪೇಟೆಯ ಹವಾಮಾನ ವರದಿಗಿಂತ ಎರಡು ಡಿಗ್ರಿ ಕಡಿಮೆಯೆಂದು ತಿಳಿದು, ಗಾಳಿಯ ಲೆಕ್ಕಕ್ಕೆ ಇನ್ನಷ್ಟು ಕಳೆಯಿರಿ. ಚಳಿ ಹೆಚ್ಚಾಗಿ ಏರುವುದು ನೆಲದಿಂದ. ಹೊದಿಕೆ ಒಂದು ಕಡಿಮೆಯಾದರೂ ಸರಿ, ಕೆಳಗೆ ಹಾಸುವ ದಪ್ಪ ಮ್ಯಾಟ್ ಕಡಿಮೆಯಾಗಬಾರದು. ಮಂಜಿರುವ ರಾತ್ರಿ ಉಸಿರಿನ ತೇವ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಟೆಂಟಿನ ಗಾಳಿಕಿಂಡಿಗಳನ್ನು ಚಳಿಯೆಂದು ಪೂರ್ತಿ ಮುಚ್ಚಿದವರು ಬೆಳಗ್ಗೆ ಒದ್ದೆ ಹೊದಿಕೆಯಲ್ಲಿ ಏಳುತ್ತಾರೆ.

ನೀರು ಹರಿಯುವ ದಾರಿಯನ್ನು ಹಗಲಲ್ಲೇ ಗುರುತಿಸಬೇಕು. ಕಾಫಿ ಹೂವರಳಿಸುವ ಬೇಸಿಗೆ ಮಳೆಯ, ಅಂದರೆ ಹೂಮಳೆಯ ದಿನಗಳಲ್ಲಿ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ನಾನು ಬಸಿಗಾಲುವೆಯ ಪಕ್ಕದ ತಗ್ಗು ಬಹಳ ಬೆಚ್ಚಗಿದೆಯೆಂದು ಅಲ್ಲೇ ಗೂಟ ಹೊಡೆದೆ. ತೋಟದ ಲೆಕ್ಕಪತ್ರ ನೋಡುವ ರೈಟರು ‘ಅಲ್ಲಿ ಬೇಡ ಸಾರ್, ನೀರು ಬರ್ತದೆ’ ಎಂದರೂ ಆಕಾಶ ನೋಡಿ ನಕ್ಕಿದ್ದೆ. ನಡುರಾತ್ರಿ ಅರ್ಧ ಗಂಟೆ ಸುರಿದ ಮಳೆಗೆ ಚಪ್ಪಲಿಗಳು ತೇಲಿಹೋಗಿ ಕಾಫಿ ಗಿಡಗಳ ಬುಡದಲ್ಲಿ ಸಿಕ್ಕವು. ನೆಲಹಾಸಿನ ಪ್ಲಾಸ್ಟಿಕ್ ಟೆಂಟಿನ ಅಂಚಿನಿಂದ ಹೊರಗೆ ಚಾಚಿಕೊಂಡಿದ್ದರೆ ನೀರು ಅದರ ಮೇಲಿಳಿದು ಅಡಿಗೆ ಸೇರುತ್ತದೆ. ಅಂಚನ್ನು ಒಳಕ್ಕೆ ಮಡಚಬೇಕು.

ಮಳೆ ಬಿಟ್ಟ ಹೊಸತರಲ್ಲಿ ಇಂಬಳ ಖಂಡಿತ ಹತ್ತುತ್ತವೆ. ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರೋ ಉಪ್ಪೋ ಸವರುವುದು ಊರಿನವರ ಉಪಾಯ. ಹತ್ತಿದ್ದನ್ನು ಉಗುರಿನಿಂದ ಮೆಲ್ಲಗೆ ಸರಿಸಿ ತೆಗೆಯಿರಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರಿದರೆ ಗಾಬರಿ ಬೇಡ. ಇಂಬಳ ಕಿರಿಕಿರಿಯಷ್ಟೇ, ನಿಜವಾದ ಅಪಾಯ ಮಂಗನ ಕಾಯಿಲೆ ಹರಡುವ ಉಣುಗಿನದು (ಉಣ್ಣೆ ಹುಳ). 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಚಿಕ್ಕಮಗಳೂರಿನ ಮಲೆನಾಡು ತಾಲ್ಲೂಕುಗಳಲ್ಲೂ ಕಾಣಿಸಿಕೊಳ್ಳುತ್ತದೆ, ಅದೂ ಒಣ ತಿಂಗಳುಗಳಲ್ಲಿ, ಅಂದರೆ ಟೆಂಟಿನವರು ಹೆಚ್ಚಾಗಿ ಬರುವ ಕಾಲದಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಹೋಗುವ ಮುನ್ನ ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡ ಜಾಗದಲ್ಲಿ ಉಳಿಯಬೇಡಿ, ಸಂಜೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ ಬಟ್ಟೆ ಬದಲಿಸಿ. ಊರಿಗೆ ಮರಳಿದ ಮೇಲೆ ಒಂದೆರಡು ವಾರದೊಳಗೆ ತೀವ್ರ ಜ್ವರ, ತಲೆನೋವು ಬಂದರೆ ಮಲೆನಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಬೆಂಕಿಯ ವಿಷಯದಲ್ಲಿ ಮನೆಯವರ ಮಾತೇ ಕೊನೆ. ಅವರು ತೋರಿಸಿದ ಗುಂಡಿಯಲ್ಲಿ, ಅವರು ಕೊಟ್ಟ ಸೌದೆಯಲ್ಲಿ ಮಾತ್ರ ಹಚ್ಚಿ, ಮಲಗುವ ಮುನ್ನ ಬೂದಿಯೊಳಗೆ ಕೈಯಿಡುವಷ್ಟು ತಣ್ಣಗಾಗುವವರೆಗೆ ನೀರು ಹೊಯ್ಯಬೇಕು. ಮೊಬೈಲ್ ಸಿಗ್ನಲ್ ಬಹಳ ಕಡೆ ಸಿಗದು. ತುರ್ತು ಸಂಖ್ಯೆ 112, ಆಂಬುಲೆನ್ಸ್‌ನ 108 ಮತ್ತು ಅರಣ್ಯ ಇಲಾಖೆಯ 1926ನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಸಿಗ್ನಲ್ ಸಿಗುವ ತಿರುವು ಯಾವುದೆಂದು ಸಂಜೆಯೇ ಕೇಳಿ ತಿಳಿದಿರಿ.

ಬೆಳಗ್ಗೆ ಗೂಟ ಕೀಳುವ ಹೊತ್ತಿಗೆ ಟೆಂಟಿನ ಮೇಲುಹೊದಿಕೆ ಇಬ್ಬನಿಯಿಂದ ತೊಯ್ದಿರುತ್ತದೆ. ಹಾಗೆಯೇ ಮಡಚಿ ಚೀಲಕ್ಕೆ ತುರುಕಿದರೆ ಎರಡೇ ದಿನದಲ್ಲಿ ಬೂಷ್ಟು ಹಿಡಿದು, ನೀರು ತಡೆಯುವ ಲೇಪ ಸುಲಿಯತೊಡಗುತ್ತದೆ. ಬಿಸಿಲು ಬರುವವರೆಗೆ ಅಂಗಳದ ಹಗ್ಗಕ್ಕೆ ಹರಡಿ, ಅಷ್ಟರಲ್ಲಿ ಕಸ ಆರಿಸಿ ಚೀಲಕ್ಕೆ ತುಂಬಿ, ಮನೆಯವರು ಕೊಡುವ ಇನ್ನೊಂದು ಲೋಟ ಕಾಫಿ ಕುಡಿದು ಹೊರಡಬಹುದು.