ತಾರ್ಲೆ ಮುಳ್ಳು ಎಸೀಬೇಡಿ ಮಾರಾಯ್ರೆ

ಈಗಿನವರ ಊಟದ ತಟ್ಟೆ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಬೆರಳುದ್ದದ ತಾರ್ಲೆ (ಬೂತಾಯಿ) ಮೀನನ್ನೂ ಬಿಡಿಸಿ ಬಿಡಿಸಿ ಮುಳ್ಳೆಲ್ಲ ತಟ್ಟೆಯಂಚಿಗೆ ರಾಶಿ ಹಾಕುತ್ತಾರೆ. ಆಮೇಲೆ ಕೈ ತೊಳೆದು ಬಂದು ಕ್ಯಾಲ್ಸಿಯಂ ಮಾತ್ರೆ ನುಂಗುತ್ತಾರೆ! ಕ್ಯಾಲ್ಸಿಯಂ ಬೆಕ್ಕಿಗೆ ಹೋಯಿತು, ದುಡ್ಡು ಔಷಧಿ ಅಂಗಡಿಗೆ ಹೋಯಿತು. ನಮ್ಮ ಮನೆಯಲ್ಲೂ ಇದೇ ಕಥೆ, ಸುಮ್ನೆ ಬೇರೆಯವರ ಮಕ್ಕಳನ್ನು ಯಾಕೆ ಬೈಯಲಿ.

ಮೂಳೆ ಸವೆಯುವುದು ಗೊತ್ತೇ ಆಗುವುದಿಲ್ಲ. ನೋವಿಲ್ಲ, ಊತವಿಲ್ಲ. ಬಚ್ಚಲಲ್ಲಿ ಜಾರಿ ಸೊಂಟದ ಹತ್ತಿರ ಮುರಿದ ದಿನವೇ ಗೊತ್ತಾಗುವುದು. ಸುಮಾರು 30 ವರ್ಷದ ತನಕ ಮೂಳೆ ಗಟ್ಟಿಯಾಗುತ್ತಾ ಹೋಗುತ್ತದೆ, ಆಮೇಲೆ ಇದ್ದದ್ದನ್ನು ಕಾಪಾಡಿಕೊಳ್ಳುವುದಷ್ಟೇ. ಮುಟ್ಟು ನಿಂತ ಮೇಲಂತೂ ಹೆಂಗಸರಿಗೆ ಬೇಗ ಬೇಗ ಸವೆಯುತ್ತದೆ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತವರಿಗೆ 1200. ಅನ್ನ, ತಿಳಿಸಾರು, ಎರಡು ಕಪ್ ಚಹಾದಲ್ಲಿ ಅಷ್ಟು ಎಲ್ಲಿಂದ ಬರಬೇಕು?

ಹಾಗಾಗಿ ತಾರ್ಲೆ, ಅದೂ ಮುಳ್ಳು ಸಮೇತ. ಮಳೆಗಾಲ ಕಳೆದ ಮೇಲೆ ಬರುವ ತಾರ್ಲೆಯಲ್ಲಿ ಕೊಬ್ಬು ಜಾಸ್ತಿ, ಆ ಕೊಬ್ಬಿನಲ್ಲೇ ಡಿ ವಿಟಮಿನ್ ಇರುವುದು. ಸಣ್ಣದನ್ನೇ ತನ್ನಿ. ಹುರುಪೆ ಕೆರೆದು ತಲೆ, ಹೊಟ್ಟೆ ತೆಗೆಯಿರಿ, ನಡುಮುಳ್ಳಿಗೆ ಮಾತ್ರ ಕತ್ತಿ ಮುಟ್ಟಿಸಬೇಡಿ. ಮಣ್ಣಿನ ಮಡಕೆಯ ತಳಕ್ಕೆ ಅರಿಶಿನ ಎಲೆ ಹಾಸಿ, ಇಲ್ಲದಿದ್ದರೆ ಬಾಳೆ ಎಲೆ, ತಳ ಹಿಡಿಯಬಾರದು ಅಷ್ಟೇ. ಅದರ ಮೇಲೆ ಮೀನು ಒಂದು ಸಾಲು, ಒಣಮೆಣಸು ಅರಿಶಿನ ಅರೆದ ಮಸಾಲೆ, ಜಜ್ಜಿದ ಬೆಳ್ಳುಳ್ಳಿ, ನಾಲ್ಕು ಜುಮ್ಮನಕಾಯಿ (ನಾಲಿಗೆ ಜುಮ್ಮೆನಿಸುವ ಮಸಾಲೆ ಕಾಯಿ), ಮೇಲೆ ಮುರುಗಲ (ಕೋಕಂ) ಸಿಪ್ಪೆ. ಮತ್ತೆ ಮೀನು, ಮತ್ತೆ ಸಿಪ್ಪೆ. ಮುರುಗಲಿಗೆ ಜಿಪುಣತನ ಮಾಡಬೇಡಿ. ಬಾಯಿಗಿಟ್ಟರೆ ಕಣ್ಣು ಕಿರಿದಾಗುವಷ್ಟು ಹುಳಿ ಇರಬೇಕು, ಮುಳ್ಳು ಮೆತ್ತಗಾಗುವುದು ಹುಳಿ ಮತ್ತು ಸಣ್ಣ ಉರಿ ಎರಡೂ ಸೇರಿದಾಗ. ಮೀನು ಮುಳುಗುವಷ್ಟು ನೀರು, ಮೇಲೆ ಒಂದು ಸುತ್ತು ತೆಂಗಿನೆಣ್ಣೆ. ಉಪ್ಪು ನೋಡಿಕೊಂಡು, ಮುರುಗಲ ಸಿಪ್ಪೆಯಲ್ಲೇ ಇರುತ್ತದೆ. ತೆಂಗಿನಕಾಯಿ ಬೇಡ, ಮರುದಿನಕ್ಕೆ ಹಳಸುತ್ತದೆ.

ಒಂದು ಕುದಿ ಬಂದ ಮೇಲೆ ಉರಿ ಎಷ್ಟು ಸಣ್ಣ ಆಗುತ್ತದೋ ಅಷ್ಟು ಸಣ್ಣ ಮಾಡಿ, ಮುಚ್ಚಿ, ಒಂದೂವರೆ ಎರಡು ಗಂಟೆ ಅದರ ತಂಟೆಗೆ ಹೋಗಬೇಡಿ. ಇಲ್ಲೇ ಎಲ್ಲರೂ ಕೆಡಿಸುವುದು! ಹತ್ತು ನಿಮಿಷಕ್ಕೊಮ್ಮೆ ಸೌಟು ಹಾಕಿ ತಿರುವಿ ಮೀನು ಮುದ್ದೆ ಮಾಡುತ್ತಾರೆ. ನೀರು ಆರಿದೆ ಅನ್ನಿಸಿದರೆ ಬಿಸಿ ನೀರು ಸ್ವಲ್ಪ ಹಾಕಿ, ಬಟ್ಟೆಯಲ್ಲಿ ಮಡಕೆ ಹಿಡಿದು ಮೆಲ್ಲಗೆ ತಿರುಗಿಸಿ ಇಡಿ. ಕೊನೆಗೆ ಒಂದು ಮೀನು ತೆಗೆದು ನಡುಮುಳ್ಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಪುಡಿಯಾಯಿತಾ, ಇಳಿಸಿ. ಇಲ್ಲವಾ, ಇನ್ನೂ ಅರ್ಧ ಗಂಟೆ. ಕುಕ್ಕರಿನಲ್ಲಿ ಬೇಗ ಆಗುತ್ತದೆ, ರುಚಿ ನೀವೇ ನೋಡಿಕೊಳ್ಳಿ. ಬಂಗಡೆಗೆ, ದೊಡ್ಡ ಮೀನಿಗೆ ಈ ಉಪಾಯ ನಡೆಯುವುದಿಲ್ಲ, ಮುಳ್ಳು ಗಂಟಲಿಗೆ ಸಿಕ್ಕಿಕೊಂಡರೆ ನನ್ನನ್ನು ಬೈಯಬೇಡಿ. ಮಕ್ಕಳಿಗೆ ಕೈಯಲ್ಲಿ ಹಿಸುಕಿಯೇ ಕೊಡಿ. ಇನ್ನು ಆ ಮಡಕೆಗೆ ಸೋಪು ಹಾಕಿ ತೊಳೆಯುವವರಿದ್ದಾರೆ, ಮಣ್ಣು ಸೋಪು ಕುಡಿಯುತ್ತದೆ ಕಣ್ರೀ! ತೆಂಗಿನ ನಾರು, ಬಿಸಿ ನೀರು ಸಾಕು, ಆಮೇಲೆ ಬಿಸಿಲಿಗೆ ಕವುಚಿ ಹಾಕಿ.

ನಮ್ಮ ಆಯಿ ಅಂಕೋಲೆಯ ಮನೆಯಲ್ಲಿ ಬೆಳಗಿನ ಅನ್ನ ಬಸಿದ ಒಲೆಯ ಕೆಂಡದ ಮೇಲೆ ಇದನ್ನಿಟ್ಟು ಗದ್ದೆಗೆ ಹೋಗುತ್ತಿದ್ದಳು. ಮಧ್ಯಾಹ್ನ ಬಂದು ಕುಚಲಕ್ಕಿ ಗಂಜಿಗೆ ಇದೇ. ಹಾಗಂತ ಹಿಂದಿನವರೆಲ್ಲ ಗಟ್ಟಿ ಅಂತ ಕಥೆ ಹೇಳುವುದಿಲ್ಲ. ಬೆನ್ನು ಬಾಗಿದ ಅಜ್ಜಿಯಂದಿರು ನಮ್ಮ ಕೇರಿಯಲ್ಲಿ ಬೇಕಾದಷ್ಟು ಇದ್ದರು. ಹೆರಿಗೆಯ ಮೇಲೆ ಹೆರಿಗೆ, ಮೀನೆಲ್ಲ ಗಂಡಸರ ತಟ್ಟೆಗೆ, ಇವರಿಗೆ ಉಳಿದ ಸಾರು.

ಶಿರಸಿ ಕಡೆಯವರು, ಮೀನು ತಿನ್ನದವರು, ರಾಗಿ ಹಿಡಿಯಿರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಮಜ್ಜಿಗೆ, ನುಗ್ಗೆ ಸೊಪ್ಪು, ಎಳ್ಳು ಇದ್ದೇ ಇದೆ. ಪಾಲಕ್ ಒಂದನ್ನೇ ನಂಬಬೇಡಿ, ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತದಂತೆ ಕಟ್ಟಿಹಾಕುತ್ತದೆ. ಉಪ್ಪು ಜಾಸ್ತಿಯಾದರೂ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೆ, ಒಣಮೀನು ಪ್ರಿಯರು ಚೆನ್ನಾಗಿ ನೆನೆಸಿ ತೊಳೆಯಿರಿ. ಎಲೆ ಅಡಿಕೆಗೆ ತಂಬಾಕು ಸೇರಿಸುವವರಿಗೆ ಏನು ಹೇಳಲಿ, ಅದು ಮೂಳೆಗೂ ಕೆಟ್ಟದ್ದು.

ಬೆಳಗ್ಗೆ ಆರರ ಎಳೆ ಬಿಸಿಲಿಗೆ ನಿಂತು ಡಿ ವಿಟಮಿನ್ ಬಂತು ಅಂದುಕೊಳ್ಳಬೇಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲು ಬೇಕು, ಗಾಜಿನ ಕಿಟಕಿಯೊಳಗೆ ಕೂತರೆ ಉಪಯೋಗವಿಲ್ಲ. ಸಂಡಿಗೆ ಒಣಗಿಸುವ ನೆಪದಲ್ಲಿ ಸ್ವಲ್ಪ ಹೊತ್ತು ಅಂಗಳದಲ್ಲಿರಿ. ನಡೆಯಿರಿ, ಮೆಟ್ಟಿಲು ಹತ್ತಿ, ಮೂಳೆಗೆ ಭಾರ ಬೀಳಬೇಕು. ಆದರೆ ಮೂಳೆ ಆಗಲೇ ಸವೆದಿದೆ ಅಂತ ಡಾಕ್ಟರು ಹೇಳಿದ್ದರೆ ಸೊಂಟ ಬಗ್ಗಿಸಿ ಕೊಡಪಾನ ಎತ್ತಬೇಡಿ.

ಮಳೆಗಾಲದಲ್ಲಿ ಅಂಗಳದ ಪಾಚಿ ತಿಕ್ಕಿಸಿ, ಓಡಾಡುವಲ್ಲಿ ಅಡಿಕೆ ದಬ್ಬೆ ಹಾಕಿಸಿ. ಬಿದ್ದರೆ ತಿಂದ ತಾರ್ಲೆಯೆಲ್ಲ ವ್ಯರ್ಥ.

ಮಾತ್ರೆ ಬೇಕೇ ಬೇಕೆಂದು ಡಾಕ್ಟರು ಹೇಳಿದ್ದರೆ ನುಂಗಿ, ಬೇಡ ಅನ್ನುವುದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ, ಒಂದು ಸಲಕ್ಕೆ 500 ಮಿಲಿಗ್ರಾಂ ದಾಟದಂತೆ. ಕಬ್ಬಿಣದ ಮಾತ್ರೆ ಜೊತೆಗೆ ಬೇಡ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ವಾರಕ್ಕೊಂದು ಅಂತ ಬರೆದುಕೊಟ್ಟ 60,000 ಯೂನಿಟ್‌ನ ಡಿ ವಿಟಮಿನ್ ಅನ್ನು ದಿನಕ್ಕೊಂದು ನುಂಗುವವರೂ ಇದ್ದಾರೆ, ಅದು ವಿಷವಾಗುತ್ತದೆ. ಚೀಟಿ ಓದಲು ಬರುತ್ತದಲ್ವಾ, ಓದಿ.