ಮಾಂಟೆನೆಗ್ರೊ ಪ್ರವಾಸ: ತಂಗಲು ಕೋಣೆ ಗೊತ್ತುಮಾಡುವ ಬಗೆ

ಆಡ್ರಿಯಾಟಿಕ್ ಸಮುದ್ರದ ದಂಡೆಯಲ್ಲಿರುವ ಮಾಂಟೆನೆಗ್ರೊದ ವಿಸ್ತೀರ್ಣ 13,812 ಚದರ ಕಿಲೋಮೀಟರ್. ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಮೂರನೇ ಒಂದು ಭಾಗದಷ್ಟು ಹೆಚ್ಚು, ಅಷ್ಟೆ. ಈ ಅಳತೆಯನ್ನು ಕಂಡವರು ಕಡಲತೀರದ ಒಂದೇ ಊರಿನಲ್ಲಿ ಕೋಣೆ ಹಿಡಿದು ಇಡೀ ದೇಶವನ್ನು ಸುತ್ತಿಬರಬಹುದೆಂದು ಲೆಕ್ಕ ಹಾಕುತ್ತಾರೆ, ಮತ್ತು ಮೊದಲ ತಪ್ಪು ಅಲ್ಲಿಯೇ ಆಗುತ್ತದೆ. ಸಮುದ್ರಮಟ್ಟದಲ್ಲಿರುವ ಕೊಟೋರ್‌ನಿಂದ 1,456 ಮೀಟರ್ ಎತ್ತರದ ಝಬ್ಲ್ಯಾಕ್‌ಗೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ 90 ಕಿಲೋಮೀಟರ್ ಕೂಡ ಆಗದು. ಆದರೆ ಬೆಟ್ಟಗಳನ್ನು ಸುತ್ತಿ ಹೋಗುವ ರಸ್ತೆಯಲ್ಲಿ ಕಾರಿಗೆ ಸುಮಾರು ಮೂರು ಗಂಟೆ ಬೇಕು. ಆದ್ದರಿಂದ ಕೋಣೆ ಹುಡುಕುವ ಮೊದಲೇ ವಾಸ್ತವ್ಯವನ್ನು ಎರಡಾಗಿ ಹಂಚಿಕೊಳ್ಳಬೇಕು. ಒಂದು ವಾರವಿದ್ದರೆ ಕಡಲತೀರದಲ್ಲಿ ನಾಲ್ಕು ರಾತ್ರಿ, ಬೆಟ್ಟದಲ್ಲಿ ಮೂರು ರಾತ್ರಿ ಎಂಬುದು ನನ್ನ ಸಲಹೆ. ಇರುವುದು ನಾಲ್ಕೇ ದಿನವಾದರೆ ಯಾವುದಾದರೂ ಒಂದನ್ನು ಬಿಟ್ಟುಬಿಡುವುದು ಒಳ್ಳೆಯದು.

ಎರಡನೆಯದು ತಿಂಗಳ ಆಯ್ಕೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಕಡಲತೀರ ಕಿಕ್ಕಿರಿದಿರುತ್ತದೆ, ಬಾಡಿಗೆ ಏರುತ್ತದೆ, ಒಂದೆರಡು ರಾತ್ರಿಗೆ ಕೋಣೆ ಕೊಡಲು ಅನೇಕರು ಒಪ್ಪುವುದಿಲ್ಲ. ಚಳಿಗಾಲದಲ್ಲಿ ಅದೇ ತೀರದ ಎಷ್ಟೋ ಮನೆಗಳು ಬಾಗಿಲು ಹಾಕಿರುತ್ತವೆ. ಆಗ ಹಿಮಜಾರಾಟಕ್ಕೆ ಬರುವವರಿಂದ ಬೆಟ್ಟದ ಊರುಗಳಾದ ಝಬ್ಲ್ಯಾಕ್ ಮತ್ತು ಕೊಲಾಶಿನ್ ತುಂಬುತ್ತವೆ. ಕಡಲು ಮತ್ತು ಬೆಟ್ಟ ಎರಡೂ ಬೇಕೆನ್ನುವವರಿಗೆ ಜೂನ್ ಇಲ್ಲವೇ ಸೆಪ್ಟೆಂಬರ್ ಹೊಂದುತ್ತದೆ.

ಇನ್ನು ಊರಿನ ಆಯ್ಕೆಯಲ್ಲಿ ಆತುರ ಬೇಡ. ಯುನೆಸ್ಕೊ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಕೊಟೋರ್‌ನ ಕೋಟೆಯೊಳಗಿನ ಹಳೆಯ ಪಟ್ಟಣದಲ್ಲಿ ತಂಗುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಲ್ಲಿಗೆ ವಾಹನ ಹೋಗುವುದಿಲ್ಲ, ಕಲ್ಲಿನ ಮನೆಗಳಲ್ಲಿ ಲಿಫ್ಟ್ ಇರುವುದು ಅಪರೂಪ, ಬೇಸಿಗೆಯ ರಾತ್ರಿಗಳಲ್ಲಿ ಓಣಿಯ ಗದ್ದಲ ಕಿಟಕಿಯೊಳಗೇ ಬರುತ್ತದೆ. ನೀರಿನಂಚಿನ ದಾರಿಯಲ್ಲಿ ಉತ್ತರಕ್ಕೆ ನಡೆದರೆ ಸಿಗುವ ದೊಬ್ರೊತಾ, ಮಕ್ಕಳು ಮತ್ತು ಹಿರಿಯರನ್ನು ಕರೆದೊಯ್ಯುವವರಿಗೆ ಹೆಚ್ಚು ನೆಮ್ಮದಿಯ ಜಾಗ. ಕೊಟೋರ್ ಕೊಲ್ಲಿಯ ಎದುರು ದಂಡೆಯ ಮುವೊದಲ್ಲಿ ವ್ರ್‌ಮಾಟ್ಸ್ ಬೆಟ್ಟ ಪಶ್ಚಿಮಕ್ಕೆ ಅಡ್ಡವಿರುವುದರಿಂದ ಸಂಜೆಯ ಬಿಸಿಲು ಬೇಗ ಮರೆಯಾಗುತ್ತದೆ. ಕೊಟೋರ್‌ನಲ್ಲಿ ಹಿಂದಿನ ಬೆಟ್ಟ ದಾಟಿ ಬೆಳಗಿನ ಬಿಸಿಲು ಬರುವುದೇ ತಡ. ಬುದ್ವಾ ರಾತ್ರಿಯ ಸಡಗರದ ಊರು, ಪೆಟ್ರೊವಾಟ್ಸ್ ಅದಕ್ಕಿಂತ ಶಾಂತ. ಉದ್ದನೆಯ ಮರಳಿನ ತೀರವೇ ಬೇಕಾದರೆ ದಕ್ಷಿಣದ ಉಲ್ತ್ಸಿನ್‌ಗೆ ಹೋಗಬೇಕು. ಅಲ್ಲಿನ ‘ವೆಲಿಕಾ ಪ್ಲಾಝಾ’ ಸುಮಾರು 12 ಕಿಲೋಮೀಟರ್ ಚಾಚಿದೆ.

ಬೆಟ್ಟದ ಕಡೆ ದುರ್ಮಿತೋರ್ ರಾಷ್ಟ್ರೀಯ ಉದ್ಯಾನಕ್ಕೆ ಝಬ್ಲ್ಯಾಕ್ ಅತ್ಯಂತ ಹತ್ತಿರದ ಪಟ್ಟಣ, ಆದರೆ ಅದಕ್ಕೆ ರೈಲಿಲ್ಲ. ಕಾರು ಬಾಡಿಗೆಗೆ ಹಿಡಿಯದವರು ಕೊಲಾಶಿನ್ ಆರಿಸಿಕೊಳ್ಳಲಿ. 1976ರಲ್ಲಿ ಪೂರ್ಣಗೊಂಡ ಬೆಲ್‌ಗ್ರೇಡ್–ಬಾರ್ ರೈಲುಮಾರ್ಗ ಅಲ್ಲಿಯೇ ಹಾದುಹೋಗುತ್ತದೆ. ಕುರಿಗಾಹಿಗಳು ಬೇಸಿಗೆಯಲ್ಲಿ ವಾಸಿಸುವ ‘ಕಾತುನ್’ ಎಂಬ ಗುಡಿಸಲುಗಳಲ್ಲಿಯೂ ಕೆಲವೆಡೆ ತಂಗಬಹುದು. ಅಲ್ಲಿ ಸಿಗುವ ಚೀಸು ಮತ್ತು ಹಿಟ್ಟಿನ ಊಟ ನೆನಪಿನಲ್ಲಿ ಉಳಿಯುವಂಥದ್ದು. ಆದರೆ ವಿದ್ಯುತ್ ಇದೆಯೇ, ಶೌಚಾಲಯ ಒಳಗಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಮನೆಗಳ ಮುಂದೆ ‘ಸೋಬೆ’ ಎಂಬ ಫಲಕವಿದ್ದರೆ ಬಾಡಿಗೆಗೆ ಕೋಣೆಗಳಿವೆ ಎಂದರ್ಥ. ‘ಅಪಾರ್ತ್‌ಮಾನಿ’ ಎಂದಿದ್ದರೆ ಸಾಮಾನ್ಯವಾಗಿ ಸಣ್ಣ ಅಡುಗೆಮನೆಯೂ ಇರುತ್ತದೆ. ಸಸ್ಯಾಹಾರಿಗಳು ಎರಡನೆಯದನ್ನೇ ಹಿಡಿಯುವುದು ಮೇಲು. ಹೋಟೆಲುಗಳಲ್ಲಿ ‘ಪೋಸ್ನೊ’ ಎಂದು ಕೊಡುವ ಉಪವಾಸದ ಅಡುಗೆಯಲ್ಲಿ ಮಾಂಸವಿರದಿದ್ದರೂ ಮೀನು ಇರಬಹುದೆಂಬುದನ್ನು ನೆನಪಿಡಬೇಕು.

ಜಾಹೀರಾತನ್ನು ಓದುವಾಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ‘ಸಮುದ್ರಕ್ಕೆ 200 ಮೀಟರ್’ ಎಂಬಂಥ ಮಾತಿನ ಬಗ್ಗೆ. ಈ ತೀರದಲ್ಲಿ ಬೆಟ್ಟ ನೀರಿನಂಚಿನಿಂದಲೇ ಏಳುತ್ತದೆ, ಮನೆಗಳು ಒಂದರ ಮೇಲೊಂದು ಹಂತ ಹಂತವಾಗಿ ಕೂತಿವೆ. ಆ 200 ಮೀಟರ್ ಪೂರ್ತಿ ಮೆಟ್ಟಿಲೇ ಆಗಿರಬಹುದು. ಮೊಣಕಾಲು ನೋವಿರುವ ತಾಯಿಯನ್ನೋ ಕೈಗೂಸನ್ನೋ ಕರೆದುಕೊಂಡು ಹೋಗುವವರಿಗೆ ಇದು ಇಡೀ ಪ್ರವಾಸವನ್ನೇ ಕೆಡಿಸಬಲ್ಲ ಸಂಗತಿ. ಆದ್ದರಿಂದ ಕಾರು ನಿಲ್ಲುವ ಜಾಗದಿಂದ ಬಾಗಿಲಿನವರೆಗೆ ಎಷ್ಟು ಮೆಟ್ಟಿಲುಗಳಿವೆ, ಕಾರಿಗೆ ಜಾಗ ಮೀಸಲಿದೆಯೇ, ಅದಕ್ಕೆ ಬೇರೆ ಹಣ ಕೊಡಬೇಕೇ ಎಂದು ಮನೆಯವರಿಗೆ ನೇರವಾಗಿ ಬರೆದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು. ಬೆಟ್ಟದ ಮನೆಯಾದರೆ ಮಲಗುವ ಕೋಣೆ ಬೆಚ್ಚಗಿರುವ ವ್ಯವಸ್ಥೆಯ ಬಗ್ಗೆಯೂ ವಿಚಾರಿಸಬೇಕು. ಕೆಲವೆಡೆ ಹಜಾರದ ಸೌದೆ ಒಲೆಯೊಂದೇ ಇರುತ್ತದೆ.

ಮುಂಗಡ ಕೊಡುವ ಮೊದಲು ವೀಸಾದ ಲೆಕ್ಕ ಸರಿಯಿರಲಿ. ಮಾಂಟೆನೆಗ್ರೊ ಯೂರೋ ಬಳಸಿದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿಲ್ಲ; ನೆರೆಯ ಕ್ರೊಯೇಷಿಯಾ 2023ರ ಜನವರಿಯಲ್ಲಿ ಅದನ್ನು ಸೇರಿದೆ. ಹೀಗಾಗಿ ಒಂದೇ ಪ್ರವೇಶದ ಷೆಂಗೆನ್ ವೀಸಾ ಇರುವವರು ಕ್ರೊಯೇಷಿಯಾದ ದುಬ್ರೊವ್ನಿಕ್‌ನಿಂದ ಕೊಟೋರ್‌ಗೆ ಬಂದರೆ, ಹಿಂದಿರುಗಿ ಅಲ್ಲಿಂದ ವಿಮಾನ ಹತ್ತಲಾಗದು. ವೀಸಾ ಕೈಗೆ ಬರುವವರೆಗೆ ಉಚಿತವಾಗಿ ರದ್ದುಮಾಡಬಹುದಾದ ಕೋಣೆಯನ್ನಷ್ಟೇ ಕಾದಿರಿಸಬೇಕು. ಸಣ್ಣ ಮನೆಗಳವರು ನಗದನ್ನೇ ಕೇಳುವುದುಂಟು. ಪ್ರವಾಸಿ ತೆರಿಗೆ ಬಾಡಿಗೆಯಲ್ಲಿ ಸೇರಿದೆಯೇ ಎಂದೂ ಕೇಳಿಟ್ಟುಕೊಳ್ಳಬೇಕು. ತಲುಪಿದ 24 ಗಂಟೆಯೊಳಗೆ ವಿದೇಶಿಯರ ಹೆಸರು ನೋಂದಣಿಯಾಗಬೇಕು. ಹೋಟೆಲಿನವರು ಅದನ್ನು ತಾವೇ ಮಾಡುತ್ತಾರೆ. ಖಾಸಗಿ ಮನೆಯಾದರೆ ಯಾರು ಮಾಡಿಸುತ್ತಾರೆಂದು ಕಾದಿರಿಸುವಾಗಲೇ ಖಚಿತಪಡಿಸಿಕೊಂಡು, ನೋಂದಣಿಯಾದಾಗ ಕೊಟ್ಟ ಚೀಟಿಯನ್ನು ದೇಶ ಬಿಡುವವರೆಗೆ ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಬೇಕು.