50 ಪದದಲ್ಲಿ ಒಂದು ಬದುಕು ಬರೆಯುವುದು ಹೇಗೆ?

ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆ ತೆರೆದರೆ ಸಾಧಕರ ಪರಿಚಯಗಳೆಲ್ಲ ಒಂದೇ ಅಚ್ಚಿನಲ್ಲಿ ಇರುತ್ತವೆ. ಹೆಸರು ಬದಲಾಯಿಸಿದರೆ ಮಾಟುಂಗದವರದ್ದು ಡೊಂಬಿವಲಿಯವರಿಗೂ ಒಪ್ಪುತ್ತದೆ. ಫೋಟೊ ಪಕ್ಕದಲ್ಲಿ ಸಿಗುವುದು 50 ಪದದ ಜಾಗ. ಕತ್ತರಿಸಲು ಬಂದರೆ ಅಷ್ಟು ಸಾಕು.

ಮೊದಲು ಮಾಹಿತಿ. ಪದವಿ, ಪ್ರಶಸ್ತಿಗಳ ಪಟ್ಟಿಯನ್ನು ಮನೆಯವರು ತಾವಾಗಿಯೇ ಕೊಡುತ್ತಾರೆ. ನೀವು ಕೇಳಬೇಕಾದದ್ದು ಬೇರೆ: ಊರು ಬಿಟ್ಟಾಗ ಕೈಯಲ್ಲಿ ಏನಿತ್ತು? ಮುಂಬಯಿಯ ಮೊದಲ ರಾತ್ರಿ ಮಲಗಿದ್ದೆಲ್ಲಿ? ಇವತ್ತಿಗೂ ಬಿಡದ ಅಭ್ಯಾಸ ಯಾವುದು?

ಆಮೇಲೆ 300 ಪದ ಧಾರಾಳವಾಗಿ ಬರೆಯಿರಿ. ನೇರವಾಗಿ 50ಕ್ಕೆ ಕೂತರೆ ಸವೆದ ಮಾತುಗಳೇ ಮೊದಲು ಬರುತ್ತವೆ.

ಇನ್ನು ಕತ್ತರಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಜಾಗ ಸಾಲದೆಂದು ಸಣ್ಣ ವಿವರ ತೆಗೆದು ದೊಡ್ಡ ಮಾತು ಉಳಿಸುತ್ತಾರೆ. ಆಗ ಉಳಿಯುವುದು ಇದು: ‘ಬಡತನದ ಬೇಗೆಯಲ್ಲಿ ಬೆಂದು, ಉದರ ನಿಮಿತ್ತ ಮಹಾನಗರಿಗೆ ಆಗಮಿಸಿ, ಹಗಲಿರುಳು ದುಡಿದು, ವಿದ್ಯಾರ್ಜನೆಗೈದು, ಸ್ವಂತ ಉದ್ಯಮದಲ್ಲಿ ಯಶಸ್ಸಿನ ಶಿಖರವೇರಿದ ಹಸನ್ಮುಖಿ.’ ಯಾರು ಇವರು? ಗೊತ್ತಾಗುವುದಿಲ್ಲ.

ಕತ್ತರಿಯನ್ನು ತಿರುಗಿಸಿ ಹಿಡಿಯಿರಿ. ‘ಸರಳ ಸಜ್ಜನ’, ‘ಕೊಡುಗೈ ದಾನಿ’ ಮೊದಲು ಹೋಗಲಿ. ಗುಣ ಕಾಣುವುದು ಇನ್ನೊಬ್ಬರೊಡನೆ ನಡೆದುಕೊಳ್ಳುವ ರೀತಿಯಲ್ಲಿ. ಬಾದಾಮಿಯಲ್ಲಿರುವ, ಕಪ್ಪೆ ಅರಭಟ್ಟನೆಂಬ ವೀರನ ಶಾಸನ ಸುಮಾರು ಕ್ರಿ.ಶ. 700ರ ಹೊತ್ತಿಗೇ ಇದನ್ನು ಮಾಡಿ ತೋರಿಸಿದೆ. ಸಾಧುವಿಗೆ ಸಾಧು, ಬಾಧಿಸುವವನಿಗೆ ಕಲಿಯುಗ ವಿಪರೀತ ಎಂದು, ಯಾರಿಗೆ ಹೇಗೆ ಎಂಬುದನ್ನು ಹೇಳುವ ತ್ರಿಪದಿ ಮೂರೇ ಸಾಲಿನಲ್ಲಿ ಆಳನ್ನು ಕಣ್ಣೆದುರು ನಿಲ್ಲಿಸುತ್ತದೆ.

ಮೇಲಿನ ‘ಹಸನ್ಮುಖಿ’ಯ ಮಾದರಿಯನ್ನೇ ಹೀಗೆ ಬರೆಯಬಹುದು:

‘ಹನ್ನೆರಡರ ಹುಡುಗ ಫೋರ್ಟಿನ ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುತ್ತಿದ್ದ. ರಾತ್ರಿ ಶಾಲೆಯಲ್ಲಿ ನೆನೆದ ಬೆರಳಿಗೆ ಪುಸ್ತಕದ ಹಾಳೆ ಅಂಟುತ್ತಿತ್ತು. ಈಗ ಮಾಟುಂಗದಲ್ಲಿ ಸ್ವಂತ ಹೋಟೆಲು. ಸಂಜೆ ಆರೂವರೆಗೆ ಕೆಲಸದ ಹುಡುಗರನ್ನು ಕಾಲೇಜಿಗೆ ಕಳಿಸಿ, ಕಪ್ಪುಬಸಿ ತಾವೇ ತೊಳೆಯುತ್ತಾರೆ.’

ಇರುವುದು 26 ಪದ. ಬಡತನ, ದುಡಿಮೆ, ಓದು ಮೂರನ್ನೂ ಅಂಟುವ ಹಾಳೆಯೊಂದೇ ಹೊತ್ತಿದೆ. ‘ತೊಳೆಯುತ್ತಿದ್ದ’ ಎಂಬ ಏಕವಚನ ‘ತೊಳೆಯುತ್ತಾರೆ’ ಆಗುವಷ್ಟರಲ್ಲಿ ದಶಕಗಳು ಉರುಳಿವೆ. ಅದಕ್ಕೆ ಬೇರೆ ವಾಕ್ಯ ಬೇಡ. ‘ಅವರು’ ಕೂಡ ಬೇಡ, ಕ್ರಿಯಾಪದದ ಕೊನೆಯಲ್ಲೇ ಅದು ಇದೆ. ಕನ್ನಡ ಕೊಡುವ ಈ ಉಳಿತಾಯವನ್ನು ಬಿಡಬೇಡಿ. ಆದರೆ ಲೆಕ್ಕ ಸರಿದೂಗಿಸಲು ಪದಗಳನ್ನು ಒಂದಕ್ಕೊಂದು ಅಂಟಿಸಿ ‘ಹೋಗಿಬಂದುಮಾಡುತ್ತಿದ್ದರು’ ಎಂದು ಬರೆಯುವುದು ಓದುಗರಿಗೆ ಹಿಂಸೆ.

ಎರಡು ವಾಕ್ಯಗಳ ನಡುವೆ ಧೈರ್ಯವಾಗಿ ಜಿಗಿಯಿರಿ. ‘ಕಾಲಕ್ರಮೇಣ’, ‘ತದನಂತರ’ ಹಾಕಿ ಸೇತುವೆ ಕಟ್ಟಿದರೆ ಜಾಗವೂ ಹೋಯಿತು, ಓದುಗ ತಾನೇ ತುಂಬಿಕೊಳ್ಳುವ ಸುಖವೂ ಹೋಯಿತು. ಇಸವಿ ಒಂದಕ್ಕಿಂತ ಹೆಚ್ಚು ಬೇಡ. ಎರಡಾದರೆ ಬಯೋಡೇಟಾ ಆಗುತ್ತದೆ. ಮುದ್ರಣದಂಗಡಿಯವರು ಕೊಡುವ ಸಿದ್ಧ ನಮೂನೆಯನ್ನು ಮುಟ್ಟಲೇಬೇಡಿ, ಅದರಲ್ಲಿ ‘ತುಂಬಲಾರದ ನಷ್ಟ’ ಮೊದಲೇ ಅಚ್ಚಾಗಿರುತ್ತದೆ.

ಕೊನೆಗೆ ಮನೆಯವರಿಗೆ ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳಿ. ಉಸಿರು ಕಟ್ಟುವ ಕಡೆ ವಾಕ್ಯ ಮುರಿಯಿರಿ, ಊರ ಹೆಸರಿನ ಕಾಗುಣಿತ ಕೇಳಿ ತಿದ್ದಿಕೊಳ್ಳಿ. ಪ್ರಶಸ್ತಿಗಳನ್ನು ಹಾಕಲೇಬೇಕೆಂದು ಹಟ ಹಿಡಿದರೆ ಫೋಟೊ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕೊಡಿ.